ಕೂಸು ಹುಟ್ಟುವ ಮುನ್ನ ಕುಲಾವಿ

ಕೂಸು ಹುಟ್ಟುವ ಮುನ್ನ ಕುಲಾವಿ ಹೊಲಿಸಿದರಂತೆ ಎಂಬ ಗಾದೆಯನ್ನು ಕೇಳದ ಕನ್ನಡಿಗರಿಲ್ಲ. ಆತುರಗಾರರನ್ನು ಕಂಡು ನಗಲು ಹುಟ್ಟಿದ ಮಾತು ಅದು. ಆದರೆ ಸೊಲ್ಲಾಪುರ, ಅಕ್ಕಲಕೋಟೆ, ಜತ್ತ ಸೀಮೆಯ ನಮ್ಮ ಮನೆಗಳಲ್ಲಿ ಅದು ಬರೀ ನಗೆಯ ಮಾತಾಗಿ ಉಳಿದಿಲ್ಲ, ಕಟ್ಟುಪಾಡೇ ಆಗಿ ನಡೆದುಬಂದಿದೆ. ಬಸುರಿಗೆ ಏಳು ತುಂಬಿ ಕುಬಸದ ಸೀರೆ ಬಂದರೂ ಹುಟ್ಟಲಿರುವ ಕೂಸಿಗೆಂದು ಒಂದು ಅಂಗಿಯನ್ನು ಹೊಸ್ತಿಲು ದಾಟಿಸಲು ಹಿರಿಯರು ಒಪ್ಪುವುದಿಲ್ಲ. "ಮೊದಲ ಆಕಿ ಸುಸೂತ್ರ ಹಡೀಲಿ, ಆಮ್ಯಾಲೆ ಎಲ್ಲಾ ತರೂಣು" ಎನ್ನುತ್ತಾಳೆ ಆಯಿ.

ಇದನ್ನು ಮೂಢನಂಬಿಕೆ ಎಂದು ಸುಲಭವಾಗಿ ತಳ್ಳಿಬಿಡುವ ಎಳೆಯರು ಒಂದು ಲೆಕ್ಕವನ್ನು ನೆನಪಿಡಬೇಕು. 1971ರಲ್ಲಿ ನಮ್ಮ ದೇಶದಲ್ಲಿ ಹುಟ್ಟಿದ ಪ್ರತಿ ಸಾವಿರ ಕೂಸುಗಳಲ್ಲಿ 129 ಕೂಸುಗಳು ವರುಷ ತುಂಬುವುದರೊಳಗೆ ತೀರಿಹೋಗುತ್ತಿದ್ದವು. 2020ರ ಹೊತ್ತಿಗೆ ಈ ಸಂಖ್ಯೆ 28ಕ್ಕೆ ಇಳಿಯಿತು. ಇಂದು ಮೊಮ್ಮಗಳ ಬಾಣಂತನಕ್ಕೆ ಸಜ್ಜಾಗುತ್ತಿರುವ ಆಯಿ ಹಡೆದದ್ದು ಆ 129ರ ಕಾಲದಲ್ಲಿ. ಹೊಲಿಸಿಟ್ಟ ಕುಲಾವಿಯನ್ನು ಹಾಗೇ ಮಡಚಿ ಪೆಟ್ಟಿಗೆಯ ತಳಕ್ಕೆ ಇಟ್ಟ ಓರಗಿತ್ತಿಯನ್ನೋ ಅಕ್ಕನನ್ನೋ ಆಕೆ ಕಂಡಿದ್ದಾಳೆ. ಆಕೆಯ ಹಟದ ಹಿಂದೆ ಅಂಥ ದುಃಖವಿದೆ.

ಇನ್ನೊಂದು ಕಡೆ ಚೊಚ್ಚಿಲ ಬಸುರಿಯ ಗಂಡ ರಾತ್ರಿ ಹನ್ನೊಂದರವರೆಗೆ ಮೊಬೈಲು ಹಿಡಿದು ಕೂತಿರುತ್ತಾನೆ. ಬೇಕಾದ ಸಾಮಾನುಗಳೆಂದು ಅಲ್ಲಿ ಬರುವ ಪಟ್ಟಿ ಐವತ್ತಕ್ಕೂ ನಿಲ್ಲುವುದಿಲ್ಲ. ಬಾಟಲಿ ಕಾಯಿಸುವ ಯಂತ್ರ, ಒರೆಸುವ ಕಾಗದ ಬೆಚ್ಚಗಿಡುವ ಯಂತ್ರ, ಮೂರು ನಮೂನೆಯ ಗಾಡಿ, ನಾಲ್ಕು ನಮೂನೆಯ ದಿಂಬು! ಏನೂ ತರಬೇಡ ಎನ್ನುವ ಆಯಿ ಮತ್ತು ಎಲ್ಲವನ್ನೂ ತರಿಸು ಎನ್ನುವ ಮೊಬೈಲು, ಇವೆರಡರ ನಡುವೆ ಸಿಕ್ಕಿಕೊಂಡ ಎಳೆಯ ದಂಪತಿಗಳಿಗಾಗಿ ಈ ನಾಲ್ಕು ಮಾತು.

ಮೊದಲು ಶಾಸ್ತ್ರದ ಮಾತನ್ನೇ ನೋಡೋಣ. ಜಿನಸೇನಾಚಾರ್ಯರ ಆದಿಪುರಾಣದಲ್ಲಿ ಗರ್ಭಾನ್ವಯ ಕ್ರಿಯೆಗಳು 53. ಕೂಸು ಹುಟ್ಟುವುದಕ್ಕೆ ಮುಂಚಿನವು ಆಧಾನ, ಪ್ರೀತಿ, ಸುಪ್ರೀತಿ, ಧೃತಿ, ಮೋದ. ಮೂರನೆಯ ತಿಂಗಳಿಗೆ ಪ್ರೀತಿ, ಐದಕ್ಕೆ ಸುಪ್ರೀತಿ, ಏಳಕ್ಕೆ ಧೃತಿ, ಒಂಬತ್ತಕ್ಕೆ ಮೋದ. ಹೆಸರುಗಳನ್ನೇ ಗಮನಿಸಿ. ಬಸುರಿಯ ಮನಸ್ಸು ಹಿಗ್ಗಬೇಕು, ಧೈರ್ಯ ತಾಳಬೇಕು ಎಂಬುದೇ ಇವುಗಳ ಆಶಯ. ಕೂಸಿಗೆ ಬಟ್ಟೆ ಸಿದ್ಧ ಮಾಡಬಾರದೆಂಬ ಮಾತು ಅಲ್ಲಿಲ್ಲ, ಅದು ರೂಢಿಯಿಂದ ಬಂದದ್ದು. ರೂಢಿಯನ್ನು ಮುರಿಯದೆ ಸರಿದೂಗಿಸುವ ದಾರಿಯೂ ಇದೆ. ಹೊಸದನ್ನು ತರಬಾರದು ತಾನೇ? ಹಳೆಯದನ್ನೇ ಸಿದ್ಧ ಮಾಡೋಣ.

ಹಳೆಯ ಬಟ್ಟೆಯ ಬಲ

ಕೂಸಿನ ಮೈಗೆ ಮೊದಲು ತಾಗುವ ಬಟ್ಟೆ ಹೊಸದಿರಬಾರದು ಎಂಬ ರೂಢಿ ಹಲವು ಮನೆಗಳಲ್ಲಿದೆ. ಅಜ್ಜನ ಹಳೆಯ ಧೋತರ, ಅವ್ವನ ಸವೆದ ನೂಲಿನ ಸೀರೆ, ಚೆನ್ನಾಗಿ ಬೆಳೆದ ಅಣ್ಣನದೋ ಅಕ್ಕನದೋ ಅಂಗಿ, ಇವೇ ಮೊದಲ ಉಡುಪು. ಹೊಸ ಬಟ್ಟೆಯಲ್ಲಿ ಗಂಜಿಯೂ ಬಣ್ಣದ ರಾಸಾಯನಿಕವೂ ಇರುತ್ತವೆ. ನೂರು ಸಲ ಒಗೆದ ಧೋತರದಲ್ಲಿ ಅವು ಯಾವುವೂ ಉಳಿದಿರುವುದಿಲ್ಲ, ನೀರನ್ನೂ ಬೇಗ ಹೀರುತ್ತದೆ. ಎಂಟನೆಯ ತಿಂಗಳಲ್ಲಿ ಇಂಥ ಎರಡು ಧೋತರ ತೆಗೆದು ಎರಡು ಡಜನ್ ಲಂಗೋಟಿ ಹರಿದಿಡಿ. ಎಳೆಗೂಸು ದಿನಕ್ಕೆ ಹತ್ತು ಹನ್ನೆರಡು ಸಲ ಒದ್ದೆ ಮಾಡುತ್ತದೆ, ಮಳೆಗಾಲದಲ್ಲಿ ಒಣಗುವುದು ತಡ. ಎರಡು ಡಜನ್ನಿಗಿಂತ ಕಡಿಮೆಯಾದರೆ ಬಾಣಂತಿಯ ಅವ್ವನಿಗೆ ನಿದ್ದೆಯಿಲ್ಲ. ಜೊತೆಗೆ ಸುತ್ತಲು ನಾಲ್ಕು ದುಪಟಿ, ಮುಂದೆ ಗಂಟು ಹಾಕುವ ಆರು ಅಂಗಿ, ಎರಡು ಕುಲಾವಿ. ಗುಂಡಿಯ ಅಂಗಿ ಬೇಡ. ಕಳಚಿದ ಗುಂಡಿ ಬಾಯಿಗೆ ಹೋಗುತ್ತದೆ.

ಕುಲಾವಿಯ ವಿಷಯದಲ್ಲಿ ಗಾದೆ ಏನೇ ಹೇಳಲಿ, ಹುಟ್ಟುವ ಮುನ್ನ ಸಿದ್ಧವಿರಬೇಕಾದ ವಸ್ತು ಅದೊಂದೇ ಎಂದರೂ ತಪ್ಪಿಲ್ಲ. ತಾಯಿಯ ಹೊಟ್ಟೆಯ ಬಿಸಿಯಿಂದ ಹೊರಬಂದ ಕೂಸು ತೊಯ್ದ ಮೈಯಲ್ಲಿ ಬೇಗ ತಣ್ಣಗಾಗುತ್ತದೆ. ಎಳೆಗೂಸಿಗೆ ತಲೆಯೇ ದೊಡ್ಡದು, ಶಾಖ ಹೋಗುವುದೂ ಅಲ್ಲಿಂದಲೇ ಹೆಚ್ಚು. ಕೂಡಲೇ ಒರೆಸಿ, ತಾಯಿಯ ಎದೆಗೆ ಮೈ ತಾಗುವಂತೆ ಮಲಗಿಸಿ, ತಲೆಗೆ ಟೋಪಿ ಹಾಕಬೇಕು, ಮೊದಲ ಸ್ನಾನವನ್ನು 24 ತಾಸು ಮುಂದಕ್ಕೆ ಹಾಕಬೇಕು ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ನರ್ಸಬಾಯಿ ಬಟ್ಟೆ ಕೊಡಿ ಎಂದು ಬಾಗಿಲಲ್ಲಿ ನಿಂತಾಗ ಮನೆಯ ಗಂಡಸರು ಪೇಟೆಗೆ ಓಡುವುದು ನಿತ್ಯ ಕಾಣುವ ನೋಟ. ಅವಸರದಲ್ಲಿ ತಂದ ಆ ಬಟ್ಟೆ ಒಗೆಯದೆಯೇ ಕೂಸಿನ ಮೈ ಸೇರುತ್ತದೆ. ಆದರೆ ಅದೇ ಟೋಪಿಯನ್ನು ನಮ್ಮ ಸೀಮೆಯ ವೈಶಾಖದ ಬಿಸಿಲಿನಲ್ಲಿ, ನಲವತ್ತು ಡಿಗ್ರಿ ದಾಟಿದ ದಿನಗಳಲ್ಲಿ, ಮನೆಯೊಳಗೆ ಮಲಗಿದ ಕೂಸಿಗೆ ಬಿಗಿಯುವುದು ಸರಿಯಲ್ಲ. ದುಪಟಿ ಸುತ್ತುವಾಗಲೂ ಎದೆ ತೋಳು ಬಿಗಿಯಿದ್ದರೆ ನಡೆದೀತು, ತೊಡೆಯ ಹತ್ತಿರ ಸಡಿಲವಿರಲಿ. ಕಾಲುಗಳನ್ನು ನೆಟ್ಟಗೆ ಎಳೆದು ಕಟ್ಟಿದರೆ ಸೊಂಟದ ಕೀಲು ಜಾರುವ ಭಯವಿದೆ.

ಹಳೆಯ ಬಟ್ಟೆ ತೆಗೆಯುವಾಗ ಒಂದು ಎಚ್ಚರಿಕೆ. ಸೊಲ್ಲಾಪುರದ ಕಡೆ ಡಾಂಬರಗೋಳಿ ಎನ್ನುವ ನುಸಿಗುಳಿಗೆ ಹಾಕಿದ ಪೆಟ್ಟಿಗೆಯಿಂದ ತೆಗೆದ ಬಟ್ಟೆಯನ್ನು ಹಾಗೇ ಕೂಸಿಗೆ ತೊಡಿಸಬೇಡಿ. ಕೆಲವು ಕೂಸುಗಳ ರಕ್ತದಲ್ಲಿ ಹುಟ್ಟಿನಿಂದಲೇ ಒಂದು ಕಿಣ್ವದ ಕೊರತೆ ಇರುತ್ತದೆ. ಅಂಥವಕ್ಕೆ ಆ ಗುಳಿಗೆಯ ಆವಿಯಿಂದ ರಕ್ತಕಣ ಒಡೆದು ಕಾಮಾಲೆ ಏರುತ್ತದೆ, ಕೆಲವೊಮ್ಮೆ ಪ್ರಾಣಕ್ಕೂ ಕುತ್ತು. ನಾವು ಹೇಗೂ ಹುಳ ಕೊಲ್ಲುವ ಗುಳಿಗೆಯನ್ನು ಮನೆಯಲ್ಲಿ ಇಡಬಾರದವರು. ಒಗೆದು ಬಿಸಿಲಿಗೆ ಹಾಕಿ ಒಣಗಿದ ಬೇವಿನೆಲೆಯ ಜೊತೆ ಮಡಚಿಟ್ಟರೆ ಸಾಕು. ಹುಳ ಹುಟ್ಟದಂತೆ ನೋಡಿಕೊಳ್ಳುವುದೇ ನಮ್ಮ ಕ್ರಮ.

ನಾಮಕರಣದ ಕುಂಚಿಗಿಗೆ ಖಣ ಬೇಕೆಂದು ಹೆಂಗಸರ ಆಸೆ. ಗುಳೇದಗುಡ್ಡದ ಅಸಲು ಖಣದಲ್ಲಿ ರೇಷ್ಮೆ ಇದೆ. ರೇಷ್ಮೆ ತ್ಯಜಿಸಿದ ವ್ರತಿಕರ ಮನೆಯಲ್ಲಿ ನೂಲಿನ ಖಣವನ್ನೇ ಕೇಳಿ ತನ್ನಿ, ಅಂಗಡಿಯಲ್ಲಿ ಸಿಗುತ್ತದೆ. ಇನ್ನು ಸೊಲ್ಲಾಪುರದ ಪೇಟೆಗೆ ಹೋದವರು ಮರೆಯದೆ ತರಬೇಕಾದದ್ದು ಟರ್ಕಿ ಟವೆಲು. ಮೂರು ಮೆತ್ತನೆಯ ನೂಲಿನ ಟವೆಲುಗಳಿದ್ದರೆ ಕೂಸಿನ ಮೈ ಒರೆಸಲು ಬೇರೆ 'ಬೇಬಿ ಸೆಟ್' ಬೇಕಿಲ್ಲ. ಸೊಲ್ಲಾಪುರದ ಚಾದರ, ಟವೆಲು ಎರಡಕ್ಕೂ ಭೌಗೋಳಿಕ ಗುರುತಿನ ಮಾನ್ಯತೆ ದೊರೆತಿದೆ. ಗೊಂಬೆಯ ಚಿತ್ರವಿರುವ ಪರದೇಶದ ಟವೆಲಿಗೆ ಮೂರರಷ್ಟು ಹಣ ಕೊಟ್ಟು ನವೀ ಪೇಟೆಯಿಂದ ಹೊರಬರುವವರನ್ನು ಕಂಡರೆ ನಗು ಬರುತ್ತದೆ.

ತೊಟ್ಟಿಲ ಪ್ರಶ್ನೆ

ತೊಟ್ಟಿಲೆಂದರೆ ಕಲಘಟಗಿಯ ತೊಟ್ಟಿಲು. ಸಾಗವಾನಿ ಮರ, ಅದರ ಮೇಲೆ ಅರಗು ಬೆರೆಸಿದ ಬಣ್ಣ, ಸುತ್ತಲೂ ಚಿತ್ರ. ಅಜ್ಜ ಮಲಗಿದ ತೊಟ್ಟಿಲಲ್ಲಿ ಮರಿಮಗ ಮಲಗಿದರೂ ಬಣ್ಣ ಮಾಸುವುದಿಲ್ಲ. ಈಗ ಮಾಡಿಸಲು ಹೋದರೆ ಹತ್ತಾರು ಸಾವಿರ ರೂಪಾಯಿ. ಹಿಂದೆಯೂ ಅದು ಎಲ್ಲರ ಕೈಗೆ ಎಟುಕುವ ವಸ್ತುವಾಗಿರಲಿಲ್ಲ. ಊರಿಗೆ ಒಂದೋ ಎರಡೋ ಇರುತ್ತಿದ್ದವು, ಒಂದೇ ತೊಟ್ಟಿಲು ಹತ್ತು ಮನೆ ತಿರುಗುತ್ತಿತ್ತು. ಬೇಡಿ ತಂದ ತೊಟ್ಟಿಲಲ್ಲಿ ಮಲಗಿದರೆ ಕೂಸಿಗೆ ಒಳ್ಳೆಯದು ಎಂಬ ನಂಬಿಕೆಯೂ ಅದಕ್ಕೆ ಅಂಟಿಕೊಂಡಿತ್ತು. ಬಡತನದ ಮರ್ಯಾದೆ ಕಾಯುವ ನಂಬಿಕೆಗಳಲ್ಲಿ ಇದೂ ಒಂದಿರಬೇಕು.

ಇಲ್ಲಿ ಶ್ರಾವಕರಿಗೆ ಒಂದು ಸೂಕ್ಷ್ಮವಿದೆ. ಅರಗು ಮರದ ಅಂಟಲ್ಲ. ಟೊಂಗೆಗಳ ಮೇಲೆ ಸಾವಿರಗಟ್ಟಲೆ ಕೂಡುವ ಸಣ್ಣ ಹುಳಗಳು ತಮ್ಮ ಮೈಯಿಂದ ಸುರಿಸುವ ರಸ. ಟೊಂಗೆ ಕೆರೆದು ತೆಗೆಯುವಾಗ ಹುಳಗಳೂ ಸಾಯುತ್ತವೆ. ಹದಿಮೂರನೆಯ ಶತಮಾನದ ಪಂಡಿತ ಆಶಾಧರರು ಸಾಗಾರಧರ್ಮಾಮೃತದಲ್ಲಿ ಹೇಳುವ ಹದಿನೈದು ಖರಕರ್ಮಗಳಲ್ಲಿ ಲಾಕ್ಷಾವಾಣಿಜ್ಯವೂ ಒಂದು, ಅಂದರೆ ಅರಗಿನ ವ್ಯಾಪಾರ. ಹಾಗೆಂದು ಮನೆಯ ಅಟ್ಟದ ಮೇಲಿರುವ ಮುತ್ತಜ್ಜಿಯ ತೊಟ್ಟಿಲನ್ನು ಹೊರಗೆ ಹಾಕಬೇಕೇ? ನನಗೆ ಹಾಗೆ ತೋರುವುದಿಲ್ಲ. ಆದ ಹಿಂಸೆ ಆಗಿಹೋಗಿದೆ, ಇದ್ದದ್ದನ್ನು ಬಳಸಿದರೆ ಹೊಸ ಹಿಂಸೆಗೆ ಕಾರಣರಾಗುವುದಿಲ್ಲ. ಬೀಗರ ಎದುರು ಮೆರೆಯಲೆಂದೇ ಹೊಸದಾಗಿ ಮಾಡಿಸಹೊರಟವರು ಮಾತ್ರ ಒಮ್ಮೆ ಯೋಚಿಸಲಿ. ಬಣ್ಣವಿಲ್ಲದ ಬರೀ ಮರದ ತೊಟ್ಟಿಲು ಊರ ಬಡಿಗನೂ ಮಾಡಿಕೊಡುತ್ತಾನೆ, ಅರ್ಧ ಬೆಲೆಗೂ ಕಡಿಮೆ.

ತೊಟ್ಟಿಲು ಯಾವುದಾದರೂ ಇರಲಿ, ಒಳಗೆ ಏನಿದೆ ಎಂಬುದು ಮುಖ್ಯ. ಅಮೇರಿಕೆಯಲ್ಲಿ 1994ರಲ್ಲಿ ಕೂಸನ್ನು ಅಂಗಾತ ಮಲಗಿಸಿರೆಂಬ ದೊಡ್ಡ ಪ್ರಚಾರ ನಡೆಯಿತು. ಆಮೇಲೆ ಅಲ್ಲಿ ಮಲಗಿದಲ್ಲೇ ಕೂಸು ತೀರಿಹೋಗುವ ಪ್ರಸಂಗಗಳು ಅರ್ಧಕ್ಕೂ ಹೆಚ್ಚು ಇಳಿದವು. ಅಂಗಾತವಾಗಿ, ಗಟ್ಟಿಯಾದ ಸಪಾಟು ಹಾಸಿಗೆಯ ಮೇಲೆ, ದಿಂಬಿಲ್ಲದೆ, ಮುಖದ ಹತ್ತಿರ ಮೆತ್ತನೆಯದು ಏನೂ ಇಲ್ಲದೆ. ಇಷ್ಟೇ ನಿಯಮ. ಹಾಗಾದರೆ ನಮ್ಮ ಸಾಸಿವೆ ದಿಂಬಿನ ಗತಿಯೇನು? ತಲೆ ಗುಂಡಗಾಗಲೆಂದು ಹಿರಿಯರು ಹೊಲಿಸುವ ಆ ದಿಂಬು ರಾತ್ರಿ ನಿದ್ದೆಗೆ ಬೇಡ. ತಲೆಯ ಆಕಾರ ಬಹುಮಟ್ಟಿಗೆ ತಾನೇ ಸರಿಹೋಗುತ್ತದೆ. ಎಚ್ಚರವಿದ್ದಾಗ ಎದುರಿಗೆ ಕೂತು ಸ್ವಲ್ಪ ಹೊತ್ತು ಬೋರಲು ಹಾಕಿ ಆಡಿಸಿದರೆ ಇನ್ನೂ ಒಳ್ಳೆಯದು. ಇಳಕಲ್ ಸೀರೆಗಳನ್ನು ಪದರ ಹಾಕಿ ಹೊಲಿದ ಕೌದಿ ಕೂಸಿನ ಕೆಳಗಿರಲಿ, ಮೇಲೆ ಬೇಡ. ಸೀರೆಯ ಜೋಳಿಗೆ ಕಟ್ಟುವವರು ಹತ್ತಿರವೇ ಇರಬೇಕು. ಅದರಲ್ಲಿ ಗದ್ದ ಎದೆಗೊತ್ತಿ ಉಸಿರು ಕಟ್ಟುವುದುಂಟು.

ಸೊಳ್ಳೆಗೆ ಪರದೆಯೇ ಉತ್ತರ. ಕೊಡೆಯಂತೆ ಬಿಚ್ಚಿ ಮುಚ್ಚುವ ಪರದೆ ಎಲ್ಲ ಪೇಟೆಗಳಲ್ಲಿ ಸಿಗುತ್ತದೆ. ಸುರುಳಿಯ ಹೊಗೆಯಿಂದ ಸೊಳ್ಳೆಗೂ ಹಿಂಸೆ, ಕೂಸಿನ ಪುಪ್ಪುಸಕ್ಕೂ ಹಿಂಸೆ. ಕರ್ನಾಟಕ ಸರಕಾರ 2007ರಲ್ಲಿ ಆರಂಭಿಸಿದ 'ಮಡಿಲು' ಯೋಜನೆಯಲ್ಲಿ ಸರಕಾರಿ ಆಸ್ಪತ್ರೆಯಲ್ಲಿ ಹಡೆದ ಬಡ ತಾಯಂದಿರಿಗೆ ಕೊಟ್ಟ ಚೀಲದಲ್ಲಿಯೂ ಸೊಳ್ಳೆಪರದೆ ಇತ್ತು. ದೂರದ ಫಿನ್‌ಲೆಂಡಿನಲ್ಲಿ 1938ರಿಂದ ಬಡವರಿಗೆ, 1949ರಿಂದ ಎಲ್ಲ ತಾಯಂದಿರಿಗೆ ಸರಕಾರ ಒಂದು ರಟ್ಟಿನ ಪೆಟ್ಟಿಗೆ ತುಂಬ ಕೂಸಿನ ಬಟ್ಟೆ ಕೊಡುತ್ತದೆ, ನಾಲ್ಕು ತಿಂಗಳು ತುಂಬುವುದರೊಳಗೆ ಬಸುರಿ ವೈದ್ಯರಿಗೆ ತೋರಿಸಿಕೊಳ್ಳಬೇಕೆಂಬುದು ಕರಾರು. ಸಾಮಾನು ಖಾಲಿಯಾದ ಪೆಟ್ಟಿಗೆಯೇ ಕೂಸಿನ ಹಾಸಿಗೆ! ಒಂದು ಶ್ರೀಮಂತ ದೇಶಕ್ಕೆ ಸಾಲುವಷ್ಟು ಸಾಮಾನು ನಮಗೂ ಸಾಕಾದೀತು.

ತರಬಾರದ ವಸ್ತುಗಳು

ಬಾಟಲಿ. ಎದೆಹಾಲು ಇರುವ ತಾಯಿಗೆ ಇದನ್ನು ಮುಂಚಿತವಾಗಿ ತಂದಿಡುವುದು ಎಂದರೆ ಸೋಲನ್ನು ಮೊದಲೇ ಕರೆದಂತೆ. ಆರು ತಿಂಗಳವರೆಗೆ ಎದೆಹಾಲೊಂದೇ ಸಾಕು, ನೀರೂ ಬೇಡ. 1992ರ ಕೇಂದ್ರ ಕಾನೂನಿನ ಪ್ರಕಾರ ಹಾಲಿನ ಪುಡಿ, ಬಾಟಲಿಗಳ ಜಾಹೀರಾತು ಕೊಡುವಂತಿಲ್ಲ, ಉಚಿತ ಮಾದರಿ ಹಂಚುವಂತಿಲ್ಲ, ಕೊಡುಗೆಯ ಆಮಿಷ ಒಡ್ಡುವಂತಿಲ್ಲ. 2003ರ ತಿದ್ದುಪಡಿ ಇದನ್ನು ಇನ್ನೂ ಬಿಗಿ ಮಾಡಿತು. ತಾಯಿಗೆ ಹುಷಾರಿಲ್ಲದೆ ಹಿಂಡಿದ ಹಾಲು ಕುಡಿಸಬೇಕಾದರೆ ಸ್ಟೀಲಿನ ವಾಟಿ ಚಮಚ ಇದೆ, ತೆಂಕಣದವರು ಬಳಸುವ ಒಳಲೆ ಇದೆ. ಕುದಿಸಿ ತೊಳೆಯಲು ಇವು ಸುಲಭ. ಬಾಟಲಿಯ ತೊಟ್ಟಿನ ಮೂಲೆಯಲ್ಲಿ ಉಳಿಯುವ ಹಾಲಿನಲ್ಲಿ ಎಷ್ಟು ಜೀವೋತ್ಪತ್ತಿ ಆಗುತ್ತದೆ ಎಂಬುದನ್ನು ನಮ್ಮವರಿಗೆ ಬಿಡಿಸಿ ಹೇಳಬೇಕಿಲ್ಲ.

ಜೇನುತುಪ್ಪ. ಅಷ್ಟಮೂಲಗುಣ ಪಾಲಿಸುವ ಮನೆಯಲ್ಲಿ ಮಧುವಿಗೆ ಸ್ಥಾನವಿಲ್ಲ. ಆದರೂ ಬಂದ ನೆಂಟರು ಕೂಸಿನ ನಾಲಿಗೆಗೆ ಹಚ್ಚಲು ಕೈ ಮುಂದೆ ಮಾಡುತ್ತಾರೆ, ಕೆಲವು ಜನ್ಮಘುಟ್ಟಿಗಳಲ್ಲೂ ಅದು ಇರುತ್ತದೆ. ವರುಷದೊಳಗಿನ ಕೂಸಿಗೆ ಜೇನು ಕೊಡಬಾರದೆಂದು ಇಂದಿನ ವೈದ್ಯರೂ ಹೇಳುತ್ತಾರೆ. ಅದರಲ್ಲಿರಬಹುದಾದ ಒಂದು ಸೂಕ್ಷ್ಮಾಣು ಎಳೆಯ ಕರುಳಿನಲ್ಲಿ ಬೆಳೆದು ವಿಷ ಹುಟ್ಟಿಸಿ ಕೈಕಾಲು ಸೋಲುವಂತೆ ಮಾಡುತ್ತದೆ. "ನಮ್ಮಲ್ಲಿ ನಡೆಯುವುದಿಲ್ಲ" ಎಂದು ಹೇಳಲು ಸಂಕೋಚಪಡುವ ಸೊಸೆಯಂದಿರು "ಡಾಕ್ಟರು ಬೇಡ ಅಂದಾರ್ರೀ" ಎನ್ನಬಹುದು. ಎರಡೂ ನಿಜವೇ.

ನಡಿಗೆ ಗಾಡಿ, ಅಂದರೆ ವಾಕರ್. ಕೆನಡಾ ದೇಶ 2004ರಲ್ಲಿ ಇದರ ಮಾರಾಟವನ್ನೇ ನಿಷೇಧಿಸಿತು. ಮೆಟ್ಟಿಲಿನಿಂದ ಉರುಳಿ ತಲೆ ಒಡೆದುಕೊಂಡ ಕೂಸುಗಳ ಸಂಖ್ಯೆ ಅಷ್ಟಿತ್ತು. ಅದು ನಡಿಗೆ ಕಲಿಸುವುದೂ ಇಲ್ಲ, ತಡಮಾಡುತ್ತದೆ. ನಮ್ಮ ಕ್ರಿಯೆಗಳಲ್ಲಿ ಬಹಿರ್ಯಾನ ಎಂದು ಎರಡು ಮೂರು ತಿಂಗಳ ಬಳಿಕ ಕೂಸನ್ನು ಹೊರಗೆ ಕರೆದೊಯ್ಯುವುದಿದೆ, ಆಮೇಲೆ ನಿಷದ್ಯಾ ಎಂದು ಆಸನದ ಮೇಲೆ ಕೂಡಿಸುವುದಿದೆ, ಏಳೆಂಟು ತಿಂಗಳಿಗೆ ಅನ್ನಪ್ರಾಶನ. ಕೂಸು ಯಾವ ಹೊತ್ತಿಗೆ ಯಾವುದಕ್ಕೆ ಅಣಿಯಾಗುತ್ತದೆ ಎಂಬ ಎಣಿಕೆ ಆ ಅನುಕ್ರಮದಲ್ಲಿದೆ. ಸಾಮಾನನ್ನೂ ಅದೇ ಕ್ರಮದಲ್ಲಿ, ಆಯಾ ಹೊತ್ತಿಗೆ ತಂದರೆ ಅರ್ಧ ಸಾಮಾನು ಬೇಡವೆಂದು ತಾನೇ ತಿಳಿಯುತ್ತದೆ.

ಆಟಿಕೆಗಳಿಗೆ 2021ರ ಜನವರಿ 1ರಿಂದ ಐ.ಎಸ್.ಐ. ಗುರುತು ಕಡ್ಡಾಯವಾಗಿದೆ. ಡಬ್ಬಿಯ ಮೇಲಿನ ಬರಹ ಇಂಗ್ಲಿಷಿನಲ್ಲೋ ಹಿಂದಿಯಲ್ಲೋ ಇರುತ್ತದೆ, ನಮ್ಮ ಕನ್ನಡ ಶಾಲೆಯ ತಾಯಂದಿರು ಚಿತ್ರ ನೋಡಿ ಕೊಳ್ಳಲು ಕಲಿಯಬೇಕು. ಒಂದು ದುಂಡು ಮುಖ, ಪಕ್ಕದಲ್ಲಿ 0–3 ಎಂಬ ಅಂಕಿ, ಮೇಲೆ ಅಡ್ಡಗೆರೆ ಎಳೆದಿದ್ದರೆ ಅದು ಮೂರು ವರುಷದೊಳಗಿನವರಿಗೆ ಅಲ್ಲ. ಕೊರಳಿಗೆ ಕಟ್ಟುವ ದಾರ, ತಾಯತಗಳನ್ನು ಮಲಗಿಸುವಾಗ ಬಿಚ್ಚಿಡಿ. ಪೇಟೆಯ ಡೈಪರು ಪ್ರಯಾಣಕ್ಕೆ ಇರಲಿ, ದಿನಬಳಕೆಗೆ ಬೇಡ.

ವಾಹನದ ಮಾತು ಹೇಳದಿದ್ದರೆ ಅರ್ಧವಾದೀತು. ಕಾರಿದ್ದವರು ಬೆಳ್ಳಿ ಬಟ್ಟಲಿಗೆ ಹಾಕುವ ಹಣವನ್ನು ಕೂಸಿನ ಸೀಟಿಗೆ ಹಾಕಲಿ. 14 ವರುಷದೊಳಗಿನ ಮಗುವನ್ನು ಬೆಲ್ಟು ಅಥವಾ ಮಕ್ಕಳ ಸೀಟು ಇಲ್ಲದೆ ಕೂಡಿಸಿದರೆ 2019ರ ತಿದ್ದುಪಡಿಯಂತೆ 1000 ರೂಪಾಯಿ ದಂಡ. ಬೈಕಿನ ಮೇಲೆ 4 ವರುಷದೊಳಗಿನ ಮಗು ಇದ್ದರೆ ಕಟ್ಟುಪಟ್ಟಿ ಬೇಕು, 9 ತಿಂಗಳು ತುಂಬಿದ್ದರೆ ಹೆಲ್ಮೆಟ್ಟೂ ಬೇಕು, ವೇಗ ತಾಸಿಗೆ 40 ಕಿಲೋಮೀಟರು ದಾಟಬಾರದು. ಈ ನಿಯಮ 2022ರಲ್ಲಿ ಪ್ರಕಟವಾಗಿ ಮರುವರುಷ ಜಾರಿಗೆ ಬಂತು.

ತವರಿನ ಹೊರೆ

ಈಗ ಕಹಿಯಾದ ಮಾತು. ಚೊಚ್ಚಿಲ ಬಾಣಂತನ ತವರಿನದು, ತೊಟ್ಟಿಲೂ ತವರಿನದು. ಮಗಳನ್ನು ಅತ್ತೆಮನೆಗೆ ಕಳಿಸುವಾಗ ಕೂಸಿಗೆ ಉಡಿದಾರ, ಕಾಲಗಡಗ, ಬೆಳ್ಳಿ ಬಟ್ಟಲು, ಅಳಿಯನಿಗೆ ಬಟ್ಟೆ, ಬೀಗಿತ್ತಿಗೆ ಸೀರೆ. ಇತ್ತೀಚೆಗೆ ಇದಕ್ಕೆ ತಳ್ಳುವ ಗಾಡಿ, ಬ್ಯಾಟರಿಯ ತೊಟ್ಟಿಲು, ಕಾರಿನ ಸೀಟು ಸೇರಿವೆ. ಹಿಂದೆ ತಂದದ್ದನ್ನು ಓಣಿಯ ಹೆಂಗಸರಷ್ಟೇ ನೋಡುತ್ತಿದ್ದರು, ಈಗ ಫೋಟೋ ತೆಗೆದು ಇಡೀ ಬಳಗಕ್ಕೆ ಕಳಿಸುತ್ತಾರೆ. ವರದಕ್ಷಿಣೆ ಬೇಡವೆಂದು ಸಭೆಯಲ್ಲಿ ಗೊತ್ತುವಳಿ ಮಾಡುವ ನಾವು ಈ ಹೆಸರಿನಲ್ಲಿ ಬರುವುದನ್ನು ಒಳಗೆ ತೆಗೆದುಕೊಳ್ಳುತ್ತೇವೆ. ಎರಡೆಕರೆ ಒಣಭೂಮಿಯ ತಂದೆ ಮಗಳ ಮದುವೆಯ ಸಾಲ ತೀರುವ ಮುನ್ನ ತೊಟ್ಟಿಲಿಗೆ ಸಾಲ ಮಾಡುತ್ತಾನೆ. ಬಸುರಿ ಮಗಳಿಗೆ ಅದು ಗೊತ್ತಿರುತ್ತದೆ. ಮೋದಕ್ರಿಯೆಯ ತಿಂಗಳಲ್ಲಿ ಆಕೆಯ ಮನಸ್ಸು ಹಿಗ್ಗುವುದೆಲ್ಲಿ ಬಂತು? ಈ ಹೊರೆಯನ್ನು ಇಳಿಸಬಲ್ಲವರು ಅತ್ತೆಮನೆಯವರೇ. "ತೊಟ್ಟಿಲು ನಮ್ಮಲ್ಲೇ ಐತಿ, ನೀವು ತರಬ್ಯಾಡ್ರಿ" ಎಂದು ಕುಬಸದ ದಿನವೇ ಬೀಗರ ಮುಂದೆ ಹೇಳಿಬಿಟ್ಟರೆ ಮುಗಿಯಿತು. ಸಮಾಜದ ಬಸದಿಗಳಲ್ಲಿ ಪಾತ್ರೆ, ಜಮಖಾನೆ ಬಾಡಿಗೆಗೆ ಇಟ್ಟಂತೆ ಎರಡು ತೊಟ್ಟಿಲು, ಎರಡು ಪರದೆ, ಒಂದು ಕಾರಿನ ಸೀಟು ಇಟ್ಟರೆ ಹತ್ತು ಮನೆಗೆ ಅನುಕೂಲ. ಕೂಸಿಗೆ ಅವು ಬೇಕಾಗುವುದು ಕೆಲವೇ ತಿಂಗಳು. ಕಾರಿನ ಸೀಟು ಅಪಘಾತಕ್ಕೆ ಸಿಕ್ಕದ್ದಿರಬಾರದು, ಅಷ್ಟು ನೋಡಿಕೊಂಡರಾಯಿತು.

ಕೊನೆಗೆ, ದುಡ್ಡು ಕೊಟ್ಟು ತರಲಾಗದ ಒಂದು ಸಾಮಾನು. ಜತ್ತದ ಸೊಸೆಗೆ ತವರು ಅಥಣಿ, ಅಕ್ಕಲಕೋಟೆಯ ಸೊಸೆಗೆ ತವರು ಇಂಡಿ, ಹೀಗೆ ನಮ್ಮಲ್ಲಿ ಹೆರಿಗೆಗಳು ಗಡಿ ದಾಟುತ್ತವೆ. ಬಸುರಿಯ ತಪಾಸಣೆ ಮಹಾರಾಷ್ಟ್ರದಲ್ಲಿ, ಮರಾಠಿಯ ಕಾರ್ಡು. ಹೆರಿಗೆ ಕರ್ನಾಟಕದಲ್ಲಿ, ಕನ್ನಡದ ತಾಯಿ ಕಾರ್ಡು. ಹುಟ್ಟಿದ ಕೂಡಲೇ ಬಿ.ಸಿ.ಜಿ., ಪೋಲಿಯೋ ಹನಿ, ಹೆಪಟೈಟಿಸ್ ಬಿ, ಆಮೇಲೆ 6, 10, 14ನೆಯ ವಾರ. ಲಸಿಕೆಯ ಕ್ರಮ ಎರಡೂ ಕಡೆ ಒಂದೇ, ಆದರೆ ಕಾರ್ಡಿಲ್ಲದೆ ಐದು ತಿಂಗಳಿಗೆ ಮರಳಿದ ಕೂಸಿಗೆ ಏನು ಆಗಿದೆ ಏನು ಆಗಿಲ್ಲ ಎಂದು ಯಾರು ಹೇಳಬೇಕು? ಜನನದ ನೋಂದಣಿಯೂ ಹುಟ್ಟಿದ ಊರಿನಲ್ಲೇ, 21 ದಿನದೊಳಗೆ ಆಗಬೇಕು. 2023ರ ಅಕ್ಟೋಬರ್ 1ರ ನಂತರ ಹುಟ್ಟಿದವರಿಗೆ ಶಾಲೆ ಸೇರಲು ಮೊದಲ್ಗೊಂಡು ಎಲ್ಲಕ್ಕೂ ಆ ಪ್ರಮಾಣಪತ್ರವೇ ಆಧಾರ. ಹನ್ನೆರಡನೆಯ ದಿನದ ನಾಮಕರ್ಮದಲ್ಲಿ 1008 ಜಿನನಾಮಗಳಿಂದ ಘಟಪತ್ರ ವಿಧಿಯಲ್ಲಿ ಹೆಸರು ಎತ್ತುವವರಿಗೂ ಅಷ್ಟು ದಿನ ಸಾಕು. ತಡವಾದರೆ ಹೆಸರನ್ನು ಆಮೇಲೆ ಬರೆಸಬಹುದು. ಎರಡೂ ರಾಜ್ಯದ ಕಾರ್ಡು, ಆಸ್ಪತ್ರೆಯ ಚೀಟಿ, ತಾಯಿ ತಂದೆಯ ಆಧಾರ ಪ್ರತಿಗಳನ್ನು ಒಂದು ಪ್ಲಾಸ್ಟಿಕ್ ಲಕೋಟೆಗೆ ಹಾಕಿ, ಒಗೆದಿಟ್ಟ ಕುಲಾವಿ ಇರುವ ಚೀಲದಲ್ಲೇ ಎಂಟನೆಯ ತಿಂಗಳಿಗೆ ಇಟ್ಟುಬಿಡಿ. ಚೀಲ ಎಲ್ಲಿದೆ ಎಂಬುದು ಮನೆಯ ಗಂಡಸರಿಗೂ ಗೊತ್ತಿರಲಿ.